ಮಂಜರಾಬಾದಿನ ಮಲೆಯೂ ಭೂತಾಪದ ವಿದ್ಯೆಯೂ

ಹಾಸನ ಜಿಲ್ಲೆಯ ಪಶ್ಚಿಮಭಾಗದಲ್ಲಿ ಹೇಮಾವತಿಯ ದಡದಲ್ಲಿರುವ ಸಕಲೇಶಪುರದ ಸೀಮೆಯನ್ನು ಹಿಂದಿನ ಸರ್ಕಾರಿ ಕಾಗದಪತ್ರಗಳು ಮಂಜರಾಬಾದೆಂದು ಕರೆಯುತ್ತಿದ್ದುವು. ಪಟ್ಟಣದ ಸಮೀಪದ ಗುಡ್ಡದ ಮೇಲೆ ಟಿಪ್ಪು ಸುಲ್ತಾನನು ಎಂಟು ಮೂಲೆಗಳ ನಕ್ಷತ್ರಾಕಾರದ ಕೋಟೆಯೊಂದನ್ನು 1792ರಲ್ಲಿ ಕಟ್ಟಿಸಿದನು. ಗುಡ್ಡವನ್ನೆಲ್ಲ ಮುಸುಕಿದ್ದ ಮಂಜನ್ನು ಕಂಡು ಆ ಸ್ಥಳಕ್ಕೆ ಈ ಹೆಸರನ್ನಿಟ್ಟನೆಂದು ಐತಿಹ್ಯವಿರುವುದು. ಐತಿಹ್ಯವು ನಿಜವಾಗಿರಲಿ, ಇಲ್ಲದಿರಲಿ, ಈ ನಾಡಿನ ಜನರು ತಮ್ಮ ಊರನ್ನು ಅದರ ವಾಯುಗುಣದಿಂದಲೇ ಗುರುತಿಸುತ್ತ ಬಂದರೆಂಬುದಕ್ಕೆ ಅದೇ ಸಾಕ್ಷಿ. ಆ ವಾಯುಗುಣವೇ ವ್ಯತ್ಯಾಸಹೊಂದುತ್ತಿರುವ ಈ ಕಾಲದಲ್ಲಿ, ಸಕಲೇಶಪುರ ಆಲೂರುಗಳ ಮಲೆಗಳಿಂದ ಕಾಲೇಜಿಗೆ ಹೋಗುವ ತರುಣ ತರುಣಿಯರು ಭೂತಾಪವೆಂಬ ವಿಷಯವನ್ನು ಯಾವ ರೀತಿಯಲ್ಲಿ ತಿಳಿದುಕೊಂಡಿರುವರು, ಆ ತಿಳಿವಳಿಕೆಯು ಎಲ್ಲಿಂದ ಬಂದಿತು, ಅದರಲ್ಲಿ ಗಟ್ಟಿಯೆಷ್ಟು ಜೊಳ್ಳೆಷ್ಟು ಎಂಬುದು ವಿಚಾರಾರ್ಹವಾದ ವಿಷಯವಾಗಿದೆ.

ಮೊದಲು ಹೆಸರಿನ ವಿಚಾರ. ವರ್ತಮಾನಪತ್ರಿಕೆಗಳಲ್ಲಿಯೂ ಸಭೆಗಳಲ್ಲಿಯೂ ಈ ವಿಷಯಕ್ಕೆ ‘ಜಾಗತಿಕ ತಾಪಮಾನ’ವೆಂಬ ಮಾತು ರೂಢಿಗೆ ಬಂದಿದೆ. ತಾಪಮಾನವೆಂದರೆ ತಾಪದ ಅಳತೆ ಮಾತ್ರ. ಅದು ಹಿಂದೆಯೂ ಇದ್ದಿತು, ಮುಂದೆಯೂ ಇರುವುದು. ಏರುತ್ತಿರುವುದು ಆ ಅಳತೆಯ ಅಂಕೆ. ಏರಿಕೆಯೆಂಬ ಮಾತನ್ನು ಬಿಟ್ಟು ಹೇಳಿದರೆ ರೋಗಿಗೆ ಜ್ವರವಿದೆಯೆನ್ನುವುದಕ್ಕೆ ಬದಲಾಗಿ ರೋಗಿಗೆ ಮೈಯಿದೆಯೆಂದು ಹೇಳಿದಂತಾಗುವುದು. ‘ಹಸಿರುಮನೆ ಪರಿಣಾಮ’ವೆಂಬ ಪದದ ಗತಿಯೂ ಇದೇ. ಚಳಿದೇಶಗಳಲ್ಲಿ ಗಿಡಗಳನ್ನು ಬೆಚ್ಚಗಿಡಲು ಕಟ್ಟುವ ಗಾಜಿನ ಮನೆಗೆ ಅಲ್ಲಿನವರಿಟ್ಟ ಹೆಸರನ್ನು ನಾವು ಅಕ್ಷರಶಃ ಕನ್ನಡಕ್ಕೆ ತಂದೆವು. ಮಲೆನಾಡಿನ ವಿದ್ಯಾರ್ಥಿಗೆ ಹಸಿರೆಂದರೆ ನೆರಳು, ತಂಪು, ಹಿತ. ಹಸಿರುಮನೆಯಿಂದ ಲೋಕಕ್ಕೆ ಕೇಡು ಬರುವುದೆಂದು ಪುಸ್ತಕವು ಹೇಳಿದರೆ ಅವನು ಆ ವಾಕ್ಯವನ್ನು ಕಂಠಪಾಠ ಮಾಡುವನೇ ಹೊರತು ಅರ್ಥವನ್ನು ಗ್ರಹಿಸಲಾರನು. ಹೀಗೆ ಪದಗಳಲ್ಲಿ ಹುಟ್ಟಿದ ದೋಷವು ಪದಾರ್ಥಜ್ಞಾನಕ್ಕೂ ತಗುಲಿಕೊಂಡಿದೆ.

ಇನ್ನು ತಿಳಿವಳಿಕೆಯ ವಿಚಾರ. ಇದನ್ನು ಪರಿಶೀಲಿಸಿದರೆ ಅದರಲ್ಲಿ ಮೂರು ಪದರಗಳು ಕಂಡುಬರುವುವು. ಒಂದೊಂದು ಪದರವೂ ಒಂದೊಂದು ಕಾಲದಲ್ಲಿ ಬಂದು ಕುಳಿತದ್ದು.

ಮೊದಲನೆಯ ಪದರವು, ಮರ ಕಡಿದರೆ ಮಳೆ ಹೋಗುವುದೆಂಬ ನಂಬಿಕೆ. ಇದು ಕೇವಲ ಹಳ್ಳಿಯ ಮಾತಲ್ಲ. ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ ಇದು ಶಾಸ್ತ್ರದ ಸ್ಥಾನವನ್ನು ಪಡೆದಿದ್ದಿತು. ಹಾಗೆ ಪಡೆಯುವುದರಲ್ಲಿ ಮೈಸೂರು ಸೀಮೆಯ ಮಲೆನಾಡಿಗೂ ಒಂದು ಪಾಲುಂಟು. 1847ರ ಸುಮಾರಿನಲ್ಲಿ ಈಸ್ಟ್ ಇಂಡಿಯಾ ಕಂಪೆನಿಯವರು ಕಾಡಿಗೂ ಮಳೆಗೂ ಇರುವ ಸಂಬಂಧವನ್ನು ಕುರಿತು ಅಧಿಕಾರಿಗಳಿಂದ ವರದಿ ತರಿಸಿದರು. ಮದರಾಸಿನಲ್ಲಿ ವೈದ್ಯಾಧಿಕಾರಿಯಾಗಿದ್ದ ಎಡ್ವರ್ಡ್ ಬಾಲ್ಫೋರನು ಇದೇ ವಿಷಯವಾಗಿ 1849ರಲ್ಲಿ ಒಂದು ಪ್ರಬಂಧವನ್ನು ಬರೆದನು. ಶಿವಮೊಗ್ಗೆಯಲ್ಲಿ ವೈದ್ಯನಾಗಿದ್ದ ಹ್ಯೂ ಕ್ಲೆಗಾರನನು ನಗರ ಸೀಮೆಯ ಕಾಡುಗಳನ್ನು ಕಣ್ಣಾರೆ ಕಂಡು, ಸ್ವದೇಶಕ್ಕೆ ಹೋದಾಗ ಬ್ರಿಟಿಷ್ ವಿಜ್ಞಾನಸಂಘವು ಏರ್ಪಡಿಸಿದ ಮಂಡಲಿಯ ಮುಖ್ಯಸ್ಥನಾಗಿ, ಉಷ್ಣದೇಶಗಳ ಅರಣ್ಯನಾಶದ ಫಲಗಳನ್ನು ಕುರಿತು 1851ರಲ್ಲಿ ವರದಿಯನ್ನೊಪ್ಪಿಸಿದನು. 1856ರಲ್ಲಿ ಇವನೇ ಮದರಾಸು ಆಧಿಪತ್ಯದ ಅರಣ್ಯಾಧ್ಯಕ್ಷನಾದನು. ಮೈಸೂರಿನಲ್ಲಿಯೂ 1864ರಲ್ಲಿ ಅರಣ್ಯ ಇಲಾಖೆಯು ಏರ್ಪಟ್ಟಿತು.

ಇದೇ ಕಾಲದಲ್ಲಿಯೇ ಮಂಜರಾಬಾದಿನ ಕಾಡು ಕಾಫಿಯ ತೋಟವಾಗುತ್ತಲಿತ್ತು. ಬಾಬಾಬುಡನ್ ಗಿರಿಯಿಂದ ಕೆಳಗಿಳಿದ ಕಾಫಿಯ ಬೆಳೆಯು ಈ ಸೀಮೆಯ ಹಿತ್ತಿಲುಗಳಲ್ಲಿ ಮೊದಲೇ ಇದ್ದರೂ, ದೊಡ್ಡ ಪ್ರಮಾಣದ ತೋಟಗಾರಿಕೆಯು 1840ರ ನಂತರ ಐರೋಪ್ಯರಿಂದ ಆರಂಭವಾಯಿತು. ರಾಬರ್ಟ್ ಎಲಿಯಟ್ ಎಂಬ ತೋಟಗಾರನು 1850ರ ದಶಕದಲ್ಲಿ ಇಲ್ಲಿಗೆ ಬಂದು ನೆಲಸಿ, ತನ್ನ ಅನುಭವಗಳನ್ನು 1871ರಲ್ಲಿಯೂ 1894ರಲ್ಲಿಯೂ ಪುಸ್ತಕಗಳಾಗಿ ಪ್ರಕಟಿಸಿದನು. ಆ ಕಾಲದ ಐರೋಪ್ಯ ತೋಟಗಾರರಲ್ಲಿ ಅನೇಕರು ಕಾಡನ್ನು ಪೂರ್ತಿಯಾಗಿ ಕಡಿದು ಸುಟ್ಟು, ಬಯಲಾದ ನೆಲದಲ್ಲಿ ಕಾಫಿಯನ್ನು ನೆಟ್ಟರು. ಮೊದಲ ಕೆಲವು ವರ್ಷ ಫಸಲು ಚೆನ್ನಾಗಿಯೇ ಬಂದಿತು. ಅನಂತರ 1860ರ ದಶಕದಲ್ಲಿ ಕಾಂಡಕೊರಕ ಹುಳುವು ತೋಟತೋಟಗಳನ್ನೇ ನಿರ್ನಾಮ ಮಾಡಿತು. ಮದರಾಸು ಸರ್ಕಾರದವರು ಜಾರ್ಜ್ ಬಿಡೀ ಎಂಬ ವೈದ್ಯನನ್ನು ವಿಚಾರಣೆಗೆ ನೇಮಿಸಿದರು; ಅವನ ವರದಿಯು 1869ರಲ್ಲಿ ಹೊರಬಿದ್ದಿತು. ಬಿಸಿಲು ನೇರವಾಗಿ ಬೀಳುವ ಕಾಂಡದ ಮೇಲೆಯೇ ಈ ಹುಳು ಹೆಚ್ಚಾಗಿ ಮೊಟ್ಟೆಯಿಡುವುದು. ಆದುದರಿಂದ ನೆರಳೇ ಇದಕ್ಕೆ ಮುಖ್ಯವಾದ ಕಾಪು. ಕಡಿದ ಮರಗಳ ಸ್ಥಳದಲ್ಲಿ ಮತ್ತೆ ಮರ ಬೆಳಸಬೇಕಾಯಿತು. ಅತ್ತಿ, ಬಸರಿ, ಗೋಣಿ, ಹಲಸು, ಹೊನ್ನೆ, ನಂದಿ ಮುಂತಾದ ಕಾಡುಮರಗಳನ್ನು ಮೇಲ್ನೆರಳಾಗಿ ಉಳಿಸಿ, ಕೆಳಗೆ ಹಾಲುವಾಣವನ್ನು ನೆಟ್ಟು, ಮಳೆಗಾಲಕ್ಕೆ ಮುಂಚೆ ಮರಗಸಿ ಮಾಡಿ ಬೆಳಕನ್ನು ಹದಗೊಳಿಸುವ ಪದ್ಧತಿಯು ಹೀಗೆ ಬಲಗೊಂಡಿತು. 1925ರಲ್ಲಿ ಮೈಸೂರು ಸರ್ಕಾರದ ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ನರ ಪ್ರಯತ್ನದಿಂದ ಬಾಳೆಹೊನ್ನೂರಿನ ಸಮೀಪದಲ್ಲಿ ಸ್ಥಾಪಿತವಾದ ಕಾಫಿ ಸಂಶೋಧನಾಕೇಂದ್ರವೂ ಈ ಪದ್ಧತಿಯನ್ನೇ ಆಧಾರವಾಗಿಟ್ಟುಕೊಂಡು ಮುಂದುವರಿಯಿತು.

ಈ ಚರಿತ್ರೆಯಿಂದ ಮಲೆನಾಡಿನ ಮನೆಗಳಲ್ಲಿ ಎರಡು ಮಾತು ನೆಲೆಯಾದುವು. ನೆರಳಿಲ್ಲದೆ ತೋಟವಿಲ್ಲ, ಕಾಡಿಲ್ಲದೆ ಮಳೆಯಿಲ್ಲ. ಮೊದಲನೆಯದು ಪ್ರತ್ಯಕ್ಷಸಿದ್ಧ. ಎರಡನೆಯದರಲ್ಲಿ ಅರ್ಧ ಸತ್ಯವಿದೆ. ಕಾಡು ನೀರನ್ನು ನೆಲಕ್ಕಿಳಿಸಿ ಹಳ್ಳಗಳನ್ನು ಬೇಸಗೆಯಲ್ಲಿಯೂ ಹರಿಸುವುದು, ಎಲೆಗಳಿಂದ ಹಬೆಯನ್ನು ಮತ್ತೆ ಗಾಳಿಗೆ ಕೊಡುವುದು, ನೆಲವನ್ನು ತಂಪಾಗಿಡುವುದು. ಆದರೆ ಮುಂಗಾರು ಮಳೆಯನ್ನು ಹೊತ್ತು ತರತಕ್ಕದ್ದು ಸಮುದ್ರದ ಮೇಲಿನ ಗಾಳಿ. ಅದನ್ನು ತಡೆದು ಸುರಿಸತಕ್ಕದ್ದು ಘಟ್ಟದ ಎತ್ತರ. 1950ರ ಜುಲೈ ತಿಂಗಳಿನಲ್ಲಿ ಕೇಂದ್ರ ಸಚಿವರಾಗಿದ್ದ ಕೆ. ಎಂ. ಮುನ್ಷಿಯವರು ವನಮಹೋತ್ಸವವನ್ನು ಆರಂಭಿಸಿದ ಮೇಲೆ, ಶಾಲೆಶಾಲೆಗಳಲ್ಲಿಯೂ ವರ್ಷಕ್ಕೊಮ್ಮೆ ಸಸಿ ನೆಡುವ ಸಂಪ್ರದಾಯವು ಬೆಳೆದು ಈ ನಂಬಿಕೆಯು ಇನ್ನಷ್ಟು ಬೇರೂರಿತು. ಭೂತಾಪಕ್ಕೆ ಕಾರಣವೇನೆಂದರೆ ‘ಮರ ಕಡಿದದ್ದು’, ಪರಿಹಾರವೇನೆಂದರೆ ‘ಮರ ನೆಡುವುದು’ ಎಂಬ ಉತ್ತರವು ವಿದ್ಯಾರ್ಥಿಗಳ ಬಾಯಿಗೆ ಮೊದಲು ಬರುವುದಕ್ಕೆ ಈ ನೂರೈವತ್ತು ವರ್ಷಗಳ ಸಂಸ್ಕಾರವೇ ಕಾರಣ.

ಎರಡನೆಯ ಪದರವು ಮಾಲಿನ್ಯದ ಭಾವನೆ. 1985ರಲ್ಲಿ ದಕ್ಷಿಣಧ್ರುವದ ಮೇಲೆ ಓಜೋನ್ ಪದರವು ತೆಳುವಾಗುತ್ತಿರುವುದನ್ನು ಬ್ರಿಟಿಷ್ ವಿಜ್ಞಾನಿಗಳು ಪ್ರಕಟಿಸಿದರು. 1987ರಲ್ಲಿ ಮಾಂಟ್ರಿಯಲ್ ನಗರದಲ್ಲಿ ರಾಷ್ಟ್ರಗಳು ಸೇರಿ ಅದಕ್ಕೆ ಕಾರಣವಾದ ರಾಸಾಯನಿಕಗಳನ್ನು ನಿಲ್ಲಿಸಲು ಒಪ್ಪಂದ ಮಾಡಿಕೊಂಡುವು. ಭಾರತದ ಸುಪ್ರೀಂ ಕೋರ್ಟು 1991ರ ನವೆಂಬರ್ ತಿಂಗಳಿನಲ್ಲಿ, ಎಂ. ಸಿ. ಮೆಹ್ತಾ ಅವರು ಹೂಡಿದ ವ್ಯಾಜ್ಯದಲ್ಲಿ, ಪರಿಸರವಿದ್ಯೆಯನ್ನು ಕಡ್ಡಾಯವಾಗಿ ಬೋಧಿಸತಕ್ಕದ್ದೆಂದು ವಿಧಿಸಿತು. ಆದೇಶವು ಬಹುಕಾಲ ಕಾಗದದಲ್ಲಿಯೇ ಉಳಿದುದರಿಂದ 2003ರಲ್ಲಿ ನ್ಯಾಯಾಲಯವು ಮತ್ತೆ ಎಚ್ಚರಿಕೆ ಕೊಡಬೇಕಾಯಿತು. ಅನಂತರ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಸಿದ್ಧಪಡಿಸಿದ ಆರು ತಿಂಗಳ ಪಾಠಕ್ರಮವು ದೇಶದ ಎಲ್ಲ ಪದವಿ ತರಗತಿಗಳಿಗೂ ಬಂದಿತು. ಕಲೆ, ವಾಣಿಜ್ಯ, ವಿಜ್ಞಾನವೆಂಬ ಭೇದವಿಲ್ಲದೆ ಎಲ್ಲರೂ ಓದತಕ್ಕ ವಿಷಯವಿದು. ಮಲೆನಾಡಿನ ಒಬ್ಬ ವಾಣಿಜ್ಯ ವಿದ್ಯಾರ್ಥಿಗೆ ಭೂತಾಪದ ಶಾಸ್ತ್ರೀಯ ಪರಿಚಯವಾಗುವುದು ಬಹುಮಟ್ಟಿಗೆ ಇದೊಂದರಿಂದಲೇ.

ಆ ಪಾಠಕ್ರಮದ ಎಂಟು ಭಾಗಗಳಲ್ಲಿ ಆರನೆಯ ಭಾಗದ ಒಂದೇ ಪಂಕ್ತಿಯಲ್ಲಿ ವಾಯುಗುಣದ ಬದಲಾವಣೆ, ಭೂತಾಪ, ಆಮ್ಲಮಳೆ, ಓಜೋನ್ ಪದರದ ಸವೆತ, ಅಣು ಅಪಘಾತ ಇವೆಲ್ಲವನ್ನೂ ಸಾಲಾಗಿ ಹೇಳಿ ಮುಗಿಸಿತ್ತು. ಒಂದೇ ಸಾಲಿನಲ್ಲಿ ಕೂಡಿಸಿದುವನ್ನು ವಿದ್ಯಾರ್ಥಿಯು ಒಂದೇ ವಸ್ತುವೆಂದು ಭಾವಿಸಿದರೆ ಅದರಲ್ಲಿ ಅವನ ತಪ್ಪೇನು? ಓಜೋನ್ ಪದರದಲ್ಲಿ ತೂತುಬಿದ್ದು, ಅದರ ಮೂಲಕ ಹೆಚ್ಚು ಬಿಸಿಲು ಒಳಗೆ ಬಂದು, ಭೂಮಿ ಕಾಯುತ್ತಿದೆಯೆಂಬ ಅಭಿಪ್ರಾಯವು ಹೀಗೆ ಹಬ್ಬಿತು. ಇದು ಮಲೆನಾಡಿನ ವಿದ್ಯಾರ್ಥಿಗಳಿಗೆ ಮಾತ್ರ ಅಂಟಿದ ದೋಷವಲ್ಲ. ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾಲಯದ ಬಾಯ್ಸ್ ಮತ್ತು ಸ್ಟಾನಿಸ್ಟ್ರೀಟ್ ಎಂಬ ವಿದ್ವಾಂಸರು 1993ರಲ್ಲಿಯೇ ಅಲ್ಲಿನ ಮಕ್ಕಳಲ್ಲಿ ಇದೇ ಭ್ರಾಂತಿಯನ್ನು ಕಂಡರು. ಅಲ್ಲಿಂದೀಚೆಗೆ ಅನೇಕ ದೇಶಗಳಲ್ಲಿ ಇದು ಕಂಡುಬಂದಿದೆ. ತರ್ಕಶಾಸ್ತ್ರದಲ್ಲಿ ಇದನ್ನು ಅತಿವ್ಯಾಪ್ತಿಯೆನ್ನುವರು. ಪರಿಸರಕ್ಕೆ ಕೆಡುಕಾದುದೆಲ್ಲ ಭೂತಾಪಕ್ಕೂ ಕಾರಣವೆಂದು ಲಕ್ಷಣವನ್ನು ಮಿತಿಮೀರಿ ಹಬ್ಬಿಸುವುದರಿಂದ ಬರುವ ದೋಷವಿದು. ಪ್ಲಾಸ್ಟಿಕ್ ಚೀಲವನ್ನು ಬಿಟ್ಟರೆ ಭೂತಾಪವು ಇಳಿಯುವುದೆಂಬ ಉತ್ತರವೂ ಇದರದೇ ಕವಲು. ಪ್ಲಾಸ್ಟಿಕ್ಕನ್ನು ಬಿಡುವುದು ಹಳ್ಳಕ್ಕೂ ದನಕರುಗಳಿಗೂ ಹಿತವೇ ಸರಿ. ಆದರೆ ಭೂತಾಪದ ಮುಖ್ಯ ಕಾರಣವನ್ನು ಅದು ಮುಟ್ಟುವುದಿಲ್ಲ.

ಮೂರನೆಯ ಪದರವೇ ನಿಜವಾದ ಶಾಸ್ತ್ರ. ಇದು ಮೊದಲೆರಡಕ್ಕಿಂತ ಹೊಸದಲ್ಲ, ಆದರೆ ವಿದ್ಯಾರ್ಥಿಯ ಬುದ್ಧಿಗೆ ಕೊನೆಯಲ್ಲಿ ಬಂದದ್ದು. 1824ರಲ್ಲಿ ಫ್ರಾನ್ಸಿನ ಫೂರಿಯೇ, ಭೂಮಿಯನ್ನು ಸುತ್ತಿದ ಗಾಳಿಯು ಬೆಳಕನ್ನು ಒಳಗೆ ಬಿಟ್ಟು ಶಾಖವು ಹೊರಹೋಗುವುದನ್ನು ತಡೆಯುವುದೆಂದು ಊಹಿಸಿದನು. 1856ರಲ್ಲಿ ಅಮೆರಿಕದ ಯೂನಿಸ್ ಫುಟ್ ಎಂಬ ಮಹಿಳೆಯು ಗಾಜಿನ ಕೊಳವೆಗಳಲ್ಲಿ ಬೇರೆಬೇರೆ ಅನಿಲಗಳನ್ನು ತುಂಬಿ ಬಿಸಿಲಿನಲ್ಲಿಟ್ಟು, ಇಂಗಾಲಾಮ್ಲವಾಯುವುಳ್ಳ ಕೊಳವೆಯೇ ಹೆಚ್ಚು ಕಾಯ್ದು ನಿಧಾನವಾಗಿ ಆರುವುದನ್ನು ಕಂಡಳು. ಆಕೆಯ ಪ್ರಬಂಧವನ್ನು ವಿದ್ವತ್ಸಭೆಯಲ್ಲಿ ಬೇರೊಬ್ಬರು ಓದಿದರು. 1859ರಲ್ಲಿ ಟಿಂಡಲನು ಶಾಖವನ್ನು ಹೀರುವ ಅನಿಲಗಳು ಯಾವುವೆಂಬುದನ್ನು ಅಳೆದು ತೋರಿಸಿದನು. 1896ರಲ್ಲಿ ಸ್ವೀಡನ್ನಿನ ಅರೇನಿಯಸ್ ಲೆಕ್ಕಹಾಕಿ, ಈ ಅನಿಲವು ಇಮ್ಮಡಿಯಾದರೆ ಭೂಮಿಯ ಶಾಖವು ಐದಾರು ಡಿಗ್ರಿ ಏರುವುದೆಂದನು; ಇಂದಿನ ಲೆಕ್ಕವು ಸುಮಾರು ಮೂರು ಡಿಗ್ರಿ. 1938ರಲ್ಲಿ ಕ್ಯಾಲೆಂಡರ್ ಎಂಬ ಇಂಜಿನಿಯರು 147 ಹವಾಮಾನ ಠಾಣೆಗಳ ದಾಖಲೆಗಳನ್ನು ಕೂಡಿಸಿ ಭೂಮಿಯು ಆಗಲೇ ಕಾಯುತ್ತಿದೆಯೆಂದು ಹೇಳಿದಾಗ ನಂಬಿದವರು ಕಡಿಮೆ. 1958ರಿಂದ ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ ಕೀಲಿಂಗ್ ಎಂಬವರು ಗಾಳಿಯನ್ನು ಎಡೆಬಿಡದೆ ಅಳೆಯಲಾರಂಭಿಸಿದ ಮೇಲೆ ಸಂಶಯಕ್ಕೆ ಸ್ಥಳವುಳಿಯಲಿಲ್ಲ. ಆಗ ಹತ್ತು ಲಕ್ಷ ಪಾಲಿನಲ್ಲಿ 315 ಪಾಲಿದ್ದ ಇಂಗಾಲಾಮ್ಲವಾಯುವು ಇಂದು 420ನ್ನು ಮೀರಿದೆ. ಯಂತ್ರಯುಗಕ್ಕೆ ಮುಂಚೆ ಅದು ಸುಮಾರು 280 ಇದ್ದಿತು. ಹೆಚ್ಚಿನ ಪಾಲು ಕಲ್ಲಿದ್ದಲು, ಎಣ್ಣೆ, ಅನಿಲಗಳನ್ನು ಸುಟ್ಟದ್ದರಿಂದ ಬಂದದ್ದು. ಕಾಡು ಕಡಿದದ್ದರಿಂದ ಬಂದದ್ದು ಅದಕ್ಕಿಂತ ಕಡಿಮೆ.

ಈ ಶಾಸ್ತ್ರವನ್ನು ಮಲೆನಾಡಿನ ವಿದ್ಯಾರ್ಥಿಗೆ ತಿಳಿಸುವುದಕ್ಕೆ ಗಾಜಿನ ಮನೆಯ ದೃಷ್ಟಾಂತವೇ ಬೇಕೆಂಬುದಿಲ್ಲ. ಪುಷ್ಯಮಾಸದಲ್ಲಿ ಆಕಾಶವು ನಿರ್ಮಲವಾಗಿರುವ ರಾತ್ರಿ ಕೊರೆಯುವ ಚಳಿ. ಮೋಡ ಕವಿದ ರಾತ್ರಿ ಬೆಚ್ಚಗೆ. ಕಣದಲ್ಲಿ ಕಾಫಿ ಒಣಹಾಕಿ ಕಾವಲು ಮಲಗುವ ಆಳಿಗೂ ಇದು ತಿಳಿದ ಸಂಗತಿ. ಹಗಲು ನೆಲವು ಹೀರಿದ ಶಾಖವು ರಾತ್ರಿ ಮೇಲಕ್ಕೆ ಹೋಗುವುದು. ಮೋಡವು ಕಂಬಳಿಯಂತೆ ಅದನ್ನು ತಡೆಯುವುದು. ಇಂಗಾಲಾಮ್ಲವಾಯುವು ಕಣ್ಣಿಗೆ ಕಾಣದ, ಹಗಲಿರುಳೂ ತೆಗೆಯಲಾಗದ ಕಂಬಳಿ. ಕಂಬಳಿಯಲ್ಲಿ ತೂತು ಬಿದ್ದುದರಿಂದ ಬಂದ ಕಷ್ಟವಲ್ಲ ಇದು. ಕಂಬಳಿ ದಪ್ಪವಾದುದರಿಂದ ಬಂದದ್ದು. ಇಷ್ಟು ಹೇಳಿದರೆ ಓಜೋನಿನ ಭ್ರಾಂತಿಯು ತಾನಾಗಿಯೇ ಕಳಚಿಬೀಳುವುದು. ಕನ್ನಡದಲ್ಲಿ ಶಾಸ್ತ್ರವನ್ನು ಈ ರೀತಿ ಹೇಳುವುದು ಹೊಸ ಪ್ರಯತ್ನವೇನೂ ಅಲ್ಲ. 1918ರಲ್ಲಿಯೇ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿ ದಾರಿ ತೋರಿದ್ದರು.

ಇನ್ನು ಪರಿಹಾರದ ವಿಚಾರ. ಆಯುರ್ವೇದದಲ್ಲಿ ನಿದಾನಪರಿವರ್ಜನವೆಂದೂ ಉಪಶಮನವೆಂದೂ ಎರಡು ಬಗೆಯುಂಟು. ರೋಗದ ಮೂಲವನ್ನು ಬಿಡುವುದು ಮೊದಲನೆಯದು; ಬಂದ ಬಾಧೆಯನ್ನು ತಗ್ಗಿಸುವುದು ಎರಡನೆಯದು. ವಿದ್ಯಾರ್ಥಿಗಳು ಇವೆರಡನ್ನೂ ಬೆರೆಸುವರು. ತೋಟದ ಉದಾಹರಣೆಯನ್ನೇ ತೆಗೆದುಕೊಳ್ಳಬಹುದು. ಫೆಬ್ರುವರಿ ಮಾರ್ಚಿಯ ಹೂಮಳೆ ಬಂದು ಎಂಟು ಹತ್ತು ದಿನಕ್ಕೆ ಕಾಫಿ ಹೂಬಿಡುವುದು. ಮತ್ತೆ ಕೆಲವು ವಾರಗಳಲ್ಲಿ ಬ್ಯಾಕಿಂಗ್ ಮಳೆ ಬಂದರೆ ಕಾಯಿ ನಿಲ್ಲುವುದು. ಈ ಮಳೆಗಳು ಹೊತ್ತಿಗೆ ಸರಿಯಾಗಿ ಬಾರದ ವರ್ಷ ರೊಬಸ್ಟಾ ಬೆಳೆದವರು ಡೀಸೆಲ್ ಪಂಪು ಹೂಡಿ ಸ್ಪ್ರಿಂಕ್ಲರಿನಿಂದ ನೀರು ಹಾಯಿಸುವರು. ಇದು ಉಪಶಮನ. ಫಸಲು ಉಳಿಯುವುದು, ಆದರೆ ಸುಟ್ಟ ಎಣ್ಣೆಯು ಕಂಬಳಿಗೆ ಇನ್ನೊಂದು ಎಳೆಯನ್ನು ಸೇರಿಸುವುದು. ತಂಪನ್ನು ಬಯಸುವ ಅರೇಬಿಕಾವನ್ನು ತೆಗೆದು ರೊಬಸ್ಟಾ ಹಾಕುವುದೂ ಉಪಶಮನವೇ. ನಾಡಿನ ವಿದ್ಯುತ್ತಿಗೆ ಕಲ್ಲಿದ್ದಲನ್ನು ಬಿಟ್ಟು ನೀರು, ಗಾಳಿ, ಬಿಸಿಲುಗಳನ್ನು ಆಶ್ರಯಿಸುವುದು ನಿದಾನಪರಿವರ್ಜನ. ಶಿವನಸಮುದ್ರದಲ್ಲಿ 1902ರಲ್ಲಿಯೇ ಜಲವಿದ್ಯುತ್ತನ್ನು ತೆಗೆದ ಈ ರಾಜ್ಯವು 1985ರಿಂದ ರಾಯಚೂರಿನಲ್ಲಿ ಕಲ್ಲಿದ್ದಲನ್ನು ಸುಡುತ್ತಲೂ ಬಂದಿದೆ. ಈಚೆಗೆ ಪಾವಗಡದ ಬಯಲಿನಲ್ಲಿ ಸುಮಾರು 2,000 ಮೆಗಾವಾಟಿನ ಸೌರವಿದ್ಯುದಾಗರವನ್ನೂ ಕಟ್ಟಿದೆ. ವನಮಹೋತ್ಸವದ ಸಸಿಗೆ ನಮಸ್ಕರಿಸುವ ವಿದ್ಯಾರ್ಥಿಗೆ ಈ ಸಂಗತಿಗಳೂ ಭೂತಾಪದ ಪರಿಹಾರಕ್ಕೆ ಸೇರಿದುವೆಂಬುದು ತಿಳಿಯಬೇಕು.

ಹಾಗೆಂದು ಮರದ ಮಾತನ್ನು ಹಗುರಾಗಿ ಎಣಿಸತಕ್ಕದ್ದಲ್ಲ. ನೂರು ವರ್ಷದ ಗೋಣಿಮರವೊಂದು ತನ್ನ ಕಾಂಡದಲ್ಲಿಯೂ ಬುಡದ ಮಣ್ಣಿನಲ್ಲಿಯೂ ಹಿಡಿದಿಟ್ಟ ಇಂಗಾಲವನ್ನು ಹತ್ತು ಸಸಿಗಳು ಬಹುಕಾಲ ತುಂಬಲಾರವು. ಬೇಗ ಬೆಳೆದು, ಮೆಣಸಿನ ಬಳ್ಳಿಗೆ ಆಸರೆಯಾಗಿ, ಮಾರಿದರೆ ಹಣವನ್ನೂ ಕೊಡುವ ಸಿಲ್ವರ್ ಓಕ್ ಬಂದಮೇಲೆ ತೋಟಗಳ ಕಾಡುಮರಗಳು ಕಡಿಮೆಯಾಗುತ್ತ ಬಂದಿವೆ. ಆದುದರಿಂದ ಮಲೆನಾಡಿಗೆ ಸಸಿ ನೆಡುವುದಕ್ಕಿಂತ ಇರುವ ಮರವನ್ನು ಉಳಿಸುವುದು ಹೆಚ್ಚಿನ ಪರಿಹಾರ. 1860ರ ದಶಕದ ಕಾಂಡಕೊರಕವು ಕಲಿಸಿದ ಪಾಠವೂ ಇದೇ ಆಗಿದ್ದಿತು.

ಈಚಿನ ವರ್ಷಗಳಲ್ಲಿ ಈ ವಿಷಯವು ಪುಸ್ತಕದಿಂದ ಮನೆಬಾಗಿಲಿಗೆ ಬಂದಿದೆ. 2018ರ ಆಗಸ್ಟ್ ತಿಂಗಳ ಮಳೆಯಲ್ಲಿ ಗುಡ್ಡಗಳು ಕುಸಿದು ಸಕಲೇಶಪುರ ಸುಬ್ರಹ್ಮಣ್ಯಗಳ ರೈಲುದಾರಿಯೂ ಶಿರಾಡಿ ಘಟ್ಟದ ರಸ್ತೆಯೂ ಬಹುದಿನ ಮುಚ್ಚಿದುವು. 2024ರ ಜುಲೈ ತಿಂಗಳಿನಲ್ಲಿ ಎಡಕುಮರಿ ಕಡಗರವಳ್ಳಿಗಳ ನಡುವೆ ರೈಲುದಾರಿಯ ಕೆಳಗಿನ ಮಣ್ಣು ಮತ್ತೆ ಜರಿಯಿತು. ಇವೆಲ್ಲವೂ ಭೂತಾಪದ ಫಲವೆಂದು ಹೇಳಿಬಿಡುವುದು ಸುಲಭ. ಆದರೆ ಅದು ಅರೆವಿಚಾರ. ಒಂದು ಡಿಗ್ರಿ ಶಾಖವೇರಿದರೆ ಗಾಳಿಯು ನೂರಕ್ಕೆ ಏಳರಷ್ಟು ಹೆಚ್ಚು ಹಬೆಯನ್ನು ಹೊರಬಲ್ಲುದು. ಆದುದರಿಂದ ಸುರಿದಾಗ ಒಮ್ಮೆಲೇ ಸುರಿಯುವ ಸಂಭವವು ಹೆಚ್ಚು. ಇದು ಒಂದು ಕಾರಣ. ಗುಡ್ಡದ ಪಾದವನ್ನು ಕಡಿದಾಗಿ ಕಡಿದು ರಸ್ತೆ ಮಾಡಿದುದು, ಹಳ್ಳದ ದಾರಿಯನ್ನು ಮುಚ್ಚಿದುದು, ಇವು ಬೇರೆ ಕಾರಣಗಳು. ಮಡಕೆಗೆ ಮಣ್ಣೂ ಬೇಕು, ಚಕ್ರವೂ ಬೇಕು, ಕುಂಬಾರನೂ ಬೇಕು. ಒಂದನ್ನೇ ಹಿಡಿದರೆ ಉಳಿದ ಕಾರಣಗಳಿಗೆ ಹೊಣೆಯಾದವರು ನಿಶ್ಚಿಂತರಾಗಿ ತಪ್ಪಿಸಿಕೊಳ್ಳುವರು.

ಇದಕ್ಕಿಂತ ಕಠಿನವಾದ ಸಂದರ್ಭವೊಂದುಂಟು. ಪಶ್ಚಿಮಘಟ್ಟಗಳನ್ನು ಕುರಿತು ಮಾಧವ ಗಾಡ್ಗೀಳರ ಮಂಡಲಿಯು 2011ರಲ್ಲಿ ವರದಿಯನ್ನು ಕೊಟ್ಟು, ಈ ಸೀಮೆಗೆ ಹೊಂದಿದ ಗುಂಡ್ಯ ಜಲವಿದ್ಯುತ್ ಯೋಜನೆಗೆ ಅನುಮತಿ ಕೊಡಬಾರದೆಂದಿತು. 2013ರಲ್ಲಿ ಕಸ್ತೂರಿರಂಗನ್ನರ ಮಂಡಲಿಯು ರಕ್ಷಿಸತಕ್ಕ ಪ್ರದೇಶವನ್ನು ಕುಗ್ಗಿಸಿತು. ಕೇಂದ್ರಸರ್ಕಾರವು 2014ರಿಂದ 2024ರವರೆಗೆ ಆರು ಸಲ ಕರಡು ಪ್ರಕಟಣೆಯನ್ನು ಹೊರಡಿಸಿತು. ಕರ್ನಾಟಕದಲ್ಲಿ 20,668 ಚದರ ಕಿಲೋಮೀಟರ್ ಇದಕ್ಕೆ ಸೇರಿದ್ದು, ಈ ಮಲೆಯ ಗ್ರಾಮಗಳೂ ಅದರಲ್ಲಿದ್ದುವು. ರಾಜ್ಯಸರ್ಕಾರವೂ ಗ್ರಾಮಸ್ಥರೂ ವಿರೋಧಿಸಿದರು. ಮನೆ ಕಟ್ಟಲಾಗದು, ತೋಟದ ಕೆಲಸ ನಿಲ್ಲುವುದು, ಒಕ್ಕಲೆಬ್ಬಿಸುವರು ಎಂಬ ಭಯವು ಹರಡಿತು. ಭಯದಲ್ಲಿ ಕೆಲವಕ್ಕೆ ವರದಿಗಳಲ್ಲಿ ಆಧಾರವಿರಲಿಲ್ಲ. ಆದರೆ ವರದಿಯನ್ನು ಕನ್ನಡದಲ್ಲಿ ಊರೂರಿಗೆ ತಿಳಿಯಹೇಳುವ ಕೆಲಸವೂ ಸರಿಯಾಗಿ ನಡೆಯಲಿಲ್ಲ. ಅದೇ ಕಾಲದಲ್ಲಿ ಎತ್ತಿನಹೊಳೆ ಮುಂತಾದ ಹಳ್ಳಗಳಿಂದ 24 ಟಿ.ಎಂ.ಸಿ. ನೀರನ್ನು ಕೋಲಾರ ಚಿಕ್ಕಬಳ್ಳಾಪುರಗಳ ಕಡೆಗೆ ಒಯ್ಯುವ ಯೋಜನೆಗಾಗಿ ಈ ಗುಡ್ಡಗಳನ್ನು ಅಗೆಯಲಾಯಿತು. ಅದರ ಮೊದಲ ಘಟ್ಟವು 2024ರ ಸೆಪ್ಟೆಂಬರಿನಲ್ಲಿ ಸಕಲೇಶಪುರ ತಾಲ್ಲೂಕಿನಲ್ಲಿಯೇ ಉದ್ಘಾಟಿತವಾಯಿತು. ಬಯಲುಸೀಮೆಯ ಬಾಯಾರಿಕೆಯೂ ಸುಳ್ಳಲ್ಲ. ಕಾಲೇಜಿನಲ್ಲಿ ಘಟ್ಟವನ್ನು ರಕ್ಷಿಸಬೇಕೆಂದು ಬರೆದು ಅಂಕ ಪಡೆದ ಹುಡುಗನು ಮನೆಗೆ ಬಂದರೆ, ರಕ್ಷಣೆಯ ಕಾಗದವೇ ತನ್ನ ಭೂಮಿಗೆ ಕಂಟಕವೆಂದು ತಂದೆಯು ಹೇಳುವನು. ತಂದೆಗೂ ಪುಸ್ತಕಕ್ಕೂ ನಡುವೆ ನಿಂತ ಈ ಹುಡುಗನಿಗೆ ಎರಡನ್ನೂ ತೂಗಿನೋಡುವ ತಕ್ಕಡಿಯನ್ನು ಕೊಡುವುದೇ ವಿದ್ಯೆಯ ಕೆಲಸ. ಕೊಡದಿದ್ದರೆ ಅವನು ಪರೀಕ್ಷೆಯಲ್ಲೊಂದು, ಮನೆಯಲ್ಲೊಂದು ಮಾತನ್ನಾಡುವುದನ್ನು ಕಲಿಯುವನು.

ತಕ್ಕಡಿಯು ದೂರದಲ್ಲಿಲ್ಲ. ಪ್ರತ್ಯಕ್ಷ, ಅನುಮಾನ, ಶಬ್ದವೆಂದು ಪ್ರಮಾಣಗಳನ್ನು ಹೇಳುವರು. ಶಬ್ದಪ್ರಮಾಣವು ಪಾಠಪುಸ್ತಕದಲ್ಲಿದೆ, 2023ರ ಹೊಸ ಪಾಠಕ್ರಮದಲ್ಲಿ ವಾಯುಗುಣದ ಬದಲಾವಣೆಗೆ ಪ್ರತ್ಯೇಕವಾದ ಭಾಗವೇ ಇರುವುದರಿಂದ ಅದು ಹಿಂದಿಗಿಂತ ಪುಷ್ಟವಾಗಿಯೂ ಇದೆ. ಪ್ರತ್ಯಕ್ಷಪ್ರಮಾಣವು ತೋಟಗಳಲ್ಲಿದೆ. ಈ ಸೀಮೆಯ ಹಳೆಯ ತೋಟಗಳಲ್ಲಿ ಮಳೆಮಾಪಕವನ್ನಿಟ್ಟು ದಿನದಿನದ ಮಳೆಯನ್ನು ಅಂಗುಲ ಸೆಂಟುಗಳಲ್ಲಿ ಬರೆದಿಡುವ ಪದ್ಧತಿ ತಲೆಮಾರುಗಳಿಂದ ನಡೆದುಬಂದಿದೆ. ಹೂಮಳೆ ಎಂದು ಬಂದಿತು, ಆರಿದ್ರೆಯಲ್ಲೆಷ್ಟು, ಪುನರ್ವಸುವಿನಲ್ಲೆಷ್ಟು, ಕೊಯ್ಲಿನ ಕಾಲದಲ್ಲಿ ಅಕಾಲದ ಮಳೆ ಎಷ್ಟು ಸಲ ಬಂದಿತೆಂಬುದೆಲ್ಲ ಆ ಪುಸ್ತಕಗಳಲ್ಲಿರುವುದು. ಇವೆರಡನ್ನೂ ಕೂಡಿಸತಕ್ಕ ಅನುಮಾನವೊಂದೇ ಕೊರತೆ. ಎರಡು ಮೂರು ವರ್ಷದ ಮಳೆಯಿಂದ ವಾಯುಗುಣವನ್ನು ನಿರ್ಣಯಿಸಲಾಗದು. ಮೂವತ್ತು ವರ್ಷಗಳ ಸರಾಸರಿ ಬೇಕೆಂದು ಶಾಸ್ತ್ರಜ್ಞರ ಮತ. ಅಂತಹ ಒಂದಲ್ಲ, ಎರಡು ಮೂವತ್ತು ವರ್ಷಗಳ ಲೆಕ್ಕವು ಕೆಲವು ಮನೆಗಳ ಬೀರುಗಳಲ್ಲಿ ಗೆದ್ದಲಿಗೆ ಆಹಾರವಾಗುತ್ತ ಬಿದ್ದಿದೆ.

2004ರ ಪಾಠಕ್ರಮದ ಎಂಟನೆಯ ಭಾಗವು ಕ್ಷೇತ್ರಕಾರ್ಯವೆಂದಿದ್ದಿತು. ಸಮೀಪದ ನದಿ, ಕಾಡು, ಬೆಟ್ಟಗಳನ್ನು ಕಂಡು ಬರೆಯತಕ್ಕದ್ದೆಂದೂ ಅದಕ್ಕೆ ಐದು ಪಾಠಗಳಷ್ಟು ಹೊತ್ತೆಂದೂ ಅದರಲ್ಲಿ ಹೇಳಿತ್ತು. ಐದು ಗಂಟೆ ಬಹಳವಲ್ಲ. ಆದರೆ ಆಲೂರಿನ ಬಯಲಂಚಿನ ಒಂದು ತೋಟ, ಸಕಲೇಶಪುರದ ನಡುವಿನದೊಂದು, ಹೆತ್ತೂರು ಬಿಸಿಲೆಗಳ ಘಟ್ಟದಂಚಿನದೊಂದು, ಹೀಗೆ ಮೂರು ಮಳೆಪುಸ್ತಕಗಳನ್ನು ಪಕ್ಕಪಕ್ಕದಲ್ಲಿಟ್ಟು ಹೂಮಳೆಯ ದಿನಗಳನ್ನು ಪಟ್ಟಿಮಾಡುವುದಕ್ಕೆ ಅಷ್ಟು ಸಾಕು. ಆ ಪಟ್ಟಿಯು ಪುಸ್ತಕದ ಮಾತನ್ನು ಪೂರ್ತಿಯಾಗಿ ಸಮರ್ಥಿಸದೆಯೂ ಇರಬಹುದು. ಸಮರ್ಥಿಸಿದರೆ ವಿದ್ಯಾರ್ಥಿಯು ನಂಬುವನು, ಸಮರ್ಥಿಸದಿದ್ದರೆ ಏಕೆಂದು ಕೇಳುವನು. ಎರಡರಿಂದಲೂ ಲಾಭವೇ. ತಂದೆಯು ತನ್ನ ಕೈಯಿಂದ ಬರೆದ ಅಂಕೆಗಳನ್ನು ಮಗನು ಓದುವಾಗ ತಂದೆಯೂ ಪಕ್ಕದಲ್ಲಿ ಕುಳಿತು ನೋಡುವನು. ಗೆದ್ದಲು ಆ ಪುಸ್ತಕಗಳನ್ನು ಮುಗಿಸುವುದಕ್ಕೆ ಮುಂಚೆ ಕಾಲೇಜುಗಳ ಅಧ್ಯಾಪಕರು ಈ ಕೆಲಸಕ್ಕೆ ಕೈಹಾಕುವುದು ಉಚಿತ.